ಹೊಸ ಫೋನ್ ಕೊಳ್ಳುವ ಮುನ್ನ: ಭದ್ರತೆ ಎಷ್ಟು ವರ್ಷಕ್ಕೆ?

ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಶುರುವಾಗುವ ಮಾತು ಹೊಸ ಫೋನಿನದು. ಬಜೆಟ್ ಹೆಚ್ಚಾಗಿ ಹದಿನೈದು ಸಾವಿರದಿಂದ ಮೂವತ್ತು ಸಾವಿರದೊಳಗೆ ಇರುತ್ತದೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಗೋ ಬಂಗಾರಪೇಟೆಯ ಅಂಗಡಿಗೋ ಹೋದರೆ ನಾವು ಕೇಳುವುದು ನಾಲ್ಕೇ ಪ್ರಶ್ನೆ: ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಇಎಂಐ ಇದೆಯೇ. ಐದನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: "ಈ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ?" ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಇದನ್ನೇ. ಏಕೆಂದು ಈ ಲೇಖನದಲ್ಲಿ ವಿವರಿಸುತ್ತೇನೆ.

ಫೋನ್ ಈಗ ಮಾತಾಡುವ ಯಂತ್ರವಷ್ಟೇ ಅಲ್ಲ. ಅಬ್ಬಾ ಅಂಗಡಿಯ ಹಣ ತೆಗೆದುಕೊಳ್ಳುವುದು ಅದರಲ್ಲಿ. ನಮ್ಮ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೆ ಒಟಿಪಿ ಬರುವುದು ಅದಕ್ಕೆ. ಆಧಾರ್‌ಗೆ ಜೋಡಿಸಿದ ನಂಬರ್ ಇರುವುದೂ ಅದರಲ್ಲೇ. ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹತ್ತುವವರಲ್ಲಿ ಎಷ್ಟೋ ಜನರ ಟಿಕೆಟ್ ಕೂಡ ಫೋನಿನಲ್ಲೇ ಇರುತ್ತದೆ. ಮನೆಯ ಪೆಟ್ಟಿಗೆಗೆ ಬೀಗ ಕೊಳ್ಳುವಾಗ ನಾವು ಬಣ್ಣ ನೋಡಿ ಕೊಳ್ಳುವುದಿಲ್ಲ. ಆದರೆ ಮನೆಯ ದುಡ್ಡೆಲ್ಲ ಓಡಾಡುವ ಫೋನನ್ನು ಬಣ್ಣ ನೋಡಿಯೇ ಕೊಳ್ಳುತ್ತೇವೆ.

ಸೆಕ್ಯುರಿಟಿ ಅಪ್‌ಡೇಟ್ ಎಂದರೇನು?

ಫೋನಿನೊಳಗಿನ ತಂತ್ರಾಂಶವನ್ನು ಬರೆದವರು ಮನುಷ್ಯರು. ಅದರಲ್ಲಿ ದೋಷಗಳು ಉಳಿದಿರುತ್ತವೆ. 2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಪತ್ತೆಯಾಯಿತು. ಒಂದು ಎಂಎಂಎಸ್ ಸಂದೇಶ ಕಳಿಸಿಯೇ ಬೇರೆಯವರ ಫೋನಿನೊಳಗೆ ನುಗ್ಗಲು ಅದರಿಂದ ಸಾಧ್ಯವಿತ್ತು. ಅದೇ ವರ್ಷದ ಆಗಸ್ಟ್‌ನಿಂದ ಗೂಗಲ್ ಪ್ರತಿ ತಿಂಗಳೂ ಆಂಡ್ರಾಯ್ಡ್ ದೋಷಗಳ ಪಟ್ಟಿ ಮತ್ತು ಅವುಗಳ ದುರಸ್ತಿಯನ್ನು ಹೊರತರುವ ಪದ್ಧತಿ ಆರಂಭಿಸಿತು. ಆ ದುರಸ್ತಿಯನ್ನು ಫೋನ್ ಕಂಪನಿ ತನ್ನ ಮಾಡೆಲ್‌ಗೆ ಹೊಂದಿಸಿ ನಮಗೆ ಕಳಿಸುತ್ತದೆ. ಇದೇ ಸೆಕ್ಯುರಿಟಿ ಅಪ್‌ಡೇಟ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ದೋಷಗಳ ಪಟ್ಟಿ ಬಹಿರಂಗವಾದದ್ದು, ಕಳ್ಳರೂ ಅದನ್ನು ಓದಬಹುದು. ಅಪ್‌ಡೇಟ್ ಬಂದ ಫೋನಿನಲ್ಲಿ ಆ ದೋಷ ಸರಿಯಾಗಿರುತ್ತದೆ. ಅಪ್‌ಡೇಟ್ ನಿಂತ ಫೋನಿನಲ್ಲಿ ಮಾತ್ರ ಅದು ಹಾಗೆಯೇ ಉಳಿದಿರುತ್ತದೆ, ಎಲ್ಲಿದೆ ಎಂಬುದೂ ಎಲ್ಲರಿಗೂ ಗೊತ್ತಿರುತ್ತದೆ. ಹೀಗಾಗಿ ಅಪ್‌ಡೇಟ್ ನಿಂತ ಫೋನ್ ದಿನ ಕಳೆದಂತೆ ಹೆಚ್ಚು ಅಪಾಯಕ್ಕೆ ಒಳಗಾಗುತ್ತದೆ.

ನಮ್ಮ ಊರಿನವರಿಗೆ ಇದನ್ನು ತಿಳಿಸುವುದು ಸುಲಭ. ಚಿನ್ನದ ಗಣಿ ನಡೆಯುತ್ತಿದ್ದಾಗ ಆಳದಲ್ಲಿ ಒಸರುವ ನೀರನ್ನು ಪಂಪುಗಳು ಹಗಲೂ ರಾತ್ರಿ ಮೇಲೆತ್ತುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿತು, ಪಂಪು ನಿಂತಿತು, ಒಳಗೆಲ್ಲ ನೀರು ತುಂಬಿತು. ಹೊರಗಿನಿಂದ ನೋಡುವವರಿಗೆ ಗಣಿಯ ಗೋಪುರ ಹಾಗೆಯೇ ನಿಂತಿದೆ. ಅಪ್‌ಡೇಟ್ ನಿಂತ ಫೋನೂ ಹೀಗೆಯೇ. ಪರದೆ ಹೊಳೆಯುತ್ತದೆ, ಕರೆ ಹೋಗುತ್ತದೆ, ಏನೂ ಆಗಿಲ್ಲವೆಂದು ಅನ್ನಿಸುತ್ತದೆ.

ಸವಕಳಿ ಲೆಕ್ಕ ಹಾಕೋಣ

ನಾವು ವಾಣಿಜ್ಯ ವಿಭಾಗದವರು ಪ್ರಥಮ ಪಿಯುಸಿಯಲ್ಲೇ ಸವಕಳಿ ಪಾಠ ಓದುತ್ತೇವೆ. ಸ್ಟ್ರೈಟ್ ಲೈನ್ ವಿಧಾನದಲ್ಲಿ ಆಸ್ತಿಯ ಬೆಲೆಯಿಂದ ಗುಜರಿ ಮೌಲ್ಯ ಕಳೆದು, ಉಳಿದದ್ದನ್ನು ಅದರ ಉಪಯುಕ್ತ ಆಯಸ್ಸಿನಿಂದ ಭಾಗಿಸಿದರೆ ವರ್ಷದ ಸವಕಳಿ ಸಿಗುತ್ತದೆ. ಫೋನಿಗೆ ಉಪಯುಕ್ತ ಆಯಸ್ಸು ಯಾವುದು? ಅದು ಒಡೆದುಹೋಗುವ ದಿನವಲ್ಲ, ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುವ ದಿನ. ಲೆಕ್ಕ ಸುಲಭವಾಗಲೆಂದು ಗುಜರಿ ಮೌಲ್ಯವನ್ನು ಸೊನ್ನೆ ಎಂದು ಇಟ್ಟುಕೊಳ್ಳೋಣ. ಭಾರತದಲ್ಲಿ ಬಿಡುಗಡೆಯಾದಾಗಿನ ಬೆಲೆ ಹಿಡಿದು ನಾಲ್ಕು ಫೋನುಗಳನ್ನು ನೋಡೋಣ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ: 2024ರ ಅಕ್ಟೋಬರ್, ಬೆಲೆ 18,999 ರೂಪಾಯಿ, ಅಪ್‌ಡೇಟ್ 6 ವರ್ಷ. ವರ್ಷಕ್ಕೆ ಸುಮಾರು 3,167 ರೂಪಾಯಿ.

ನಥಿಂಗ್ ಫೋನ್ 2ಎ: 2024ರ ಮಾರ್ಚ್, ಬೆಲೆ 23,999 ರೂಪಾಯಿ, ಅಪ್‌ಡೇಟ್ 4 ವರ್ಷ. ವರ್ಷಕ್ಕೆ ಸುಮಾರು 6,000 ರೂಪಾಯಿ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ35: 2024ರ ಮಾರ್ಚ್, ಬೆಲೆ 30,999 ರೂಪಾಯಿ, ಅಪ್‌ಡೇಟ್ 5 ವರ್ಷ. ವರ್ಷಕ್ಕೆ ಸುಮಾರು 6,200 ರೂಪಾಯಿ.

ಗೂಗಲ್ ಪಿಕ್ಸೆಲ್ 9ಎ: 2025, ಬೆಲೆ 49,999 ರೂಪಾಯಿ, ಅಪ್‌ಡೇಟ್ 7 ವರ್ಷ. ವರ್ಷಕ್ಕೆ ಸುಮಾರು 7,143 ರೂಪಾಯಿ.

ಈ ನಾಲ್ಕರಲ್ಲಿ ಎಲ್ಲಕ್ಕಿಂತ ಅಗ್ಗದ ಫೋನಿಗೇ ಎರಡನೆಯ ಅತಿ ಉದ್ದದ ಆಯಸ್ಸು ಇದೆ. ಬೆಲೆ ಹೆಚ್ಚಿದ್ದರೆ ಭದ್ರತೆಯೂ ಹೆಚ್ಚು ಕಾಲ ಇರುತ್ತದೆ ಎಂಬ ನಂಬಿಕೆ ಸರಿಯಲ್ಲ ಎಂದು ಇದರಿಂದ ತಿಳಿಯುತ್ತದೆ.

ಆದರೆ ಈ ಲೆಕ್ಕಕ್ಕೂ ಮಿತಿ ಇದೆ. ಆರು ವರ್ಷ ಬಳಸಬೇಕಾದರೆ ನಡುವೆ ಒಮ್ಮೆ ಬ್ಯಾಟರಿ ಬದಲಿಸಬೇಕಾಗುತ್ತದೆ, ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಕಡಿಮೆ ಶಕ್ತಿಯ ಪ್ರೊಸೆಸರ್ ಇರುವ ಫೋನ್ ಐದಾರು ವರ್ಷದ ಹೊತ್ತಿಗೆ ನಿಧಾನವಾಗುತ್ತದೆ. ಎಲ್ಲ ಮಾಡೆಲ್‌ಗಳಿಗೂ ಪ್ರತಿ ತಿಂಗಳು ಅಪ್‌ಡೇಟ್ ಬರುವುದೂ ಇಲ್ಲ, ಕೆಲವಕ್ಕೆ ಮೂರು ತಿಂಗಳಿಗೊಮ್ಮೆ ಬರುತ್ತದೆ. ಸ್ಯಾಮ್‌ಸಂಗ್ ಯಾವ ಮಾಡೆಲ್‌ಗೆ ಎಷ್ಟು ಸಲ ಎಂಬ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ.

ಇನ್ನೊಂದು ಎಚ್ಚರಿಕೆ. ಡಬ್ಬದ ಮೇಲೆ ಅಥವಾ ಜಾಹೀರಾತಿನಲ್ಲಿ ಎರಡು ಬೇರೆ ಸಂಖ್ಯೆಗಳಿರಬಹುದು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಎಷ್ಟು ಎಂಬುದು ಒಂದು, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂಬುದು ಇನ್ನೊಂದು. ನಮ್ಮ ಲೆಕ್ಕಕ್ಕೆ ಬೇಕಾದದ್ದು ಎರಡನೆಯದು.

ಸೆಕೆಂಡ್ ಹ್ಯಾಂಡ್ ಫೋನ್ ನಿಜವಾಗಿ ಅಗ್ಗವೇ?

ನಮ್ಮಲ್ಲಿ ಬಹಳ ಜನ ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಫೋನ್. ಅದರಲ್ಲಿ ತಪ್ಪೇನಿಲ್ಲ. ಆದರೆ ಅಪ್‌ಡೇಟ್‌ನ ವರ್ಷಗಳನ್ನು ಎಣಿಸುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಮೇಲಿನ ಎ35 ಫೋನನ್ನೇ ಯಾರೋ 2027ರ ಮಾರ್ಚ್‌ನಲ್ಲಿ 12,000 ರೂಪಾಯಿಗೆ ಕೊಂಡರು ಎಂದು ಇಟ್ಟುಕೊಳ್ಳಿ. ಅಪ್‌ಡೇಟ್ 2029ರ ಮಾರ್ಚ್‌ವರೆಗೆ, ಅಂದರೆ ಉಳಿದದ್ದು ಎರಡೇ ವರ್ಷ. ವರ್ಷಕ್ಕೆ 6,000 ರೂಪಾಯಿ ಆಯಿತು. ಹೊಸದಕ್ಕೆ ಬಿದ್ದದ್ದು 6,200. ಉಳಿತಾಯ 200 ರೂಪಾಯಿ ಮಾತ್ರ!

ಐಫೋನ್ ಆಸೆಯ ಬಗ್ಗೆಯೂ ಒಂದು ಮಾತು. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ಮೊದಲು ವಿಸ್ಟ್ರಾನ್ ಕಂಪನಿಯದಾಗಿದ್ದ ಅದನ್ನು 2023ರಲ್ಲಿ ಟಾಟಾ ಸಂಸ್ಥೆ ಕೊಂಡುಕೊಂಡಿತು. ಹತ್ತಿರದಲ್ಲೇ ತಯಾರಾದರೂ ಹೊಸ ಐಫೋನ್ ನಮ್ಮ ಬಜೆಟ್‌ಗೆ ಬರುವುದಿಲ್ಲ, ಆದ್ದರಿಂದ ಕೆಲವರು ಹಳೆಯದನ್ನು ಹುಡುಕುತ್ತಾರೆ. ಆಪಲ್ ತನ್ನ ಫೋನುಗಳಿಗೆ ಹಲವು ವರ್ಷ ಅಪ್‌ಡೇಟ್ ಕೊಡುವುದು ನಿಜ. ಆದರೂ 2017ರಲ್ಲಿ ಬಂದ ಐಫೋನ್ 8 ಮತ್ತು ಐಫೋನ್ 10ಕ್ಕೆ ಐಒಎಸ್ 17 ಸಿಗಲಿಲ್ಲ. ಹಿಂದೆ ಸೇಬಿನ ಗುರುತು ಇದೆ ಎಂದು ಮಾತ್ರ ನೋಡಿ ಕೊಂಡರೆ ಆಯಸ್ಸು ಮುಗಿದ ಫೋನ್ ಕೈಗೆ ಬರಬಹುದು.

ಹಳೆಯ ಫೋನ್ ಕೊಳ್ಳುವವರು ಅಂಗಡಿಯಲ್ಲೇ ಐದು ನಿಮಿಷ ನಿಂತು ಇವನ್ನು ನೋಡಿ:

1. ಸ್ಟಾರ್ ಹ್ಯಾಶ್ 06 ಹ್ಯಾಶ್ (*#06#) ಒತ್ತಿ. ಬರುವ ಐಎಂಇಐ ಸಂಖ್ಯೆ ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಫೋನ್ ಬ್ಲಾಕ್ ಆಗಿದೆಯೇ ಎಂದು ತಿಳಿಯುತ್ತದೆ. ಬಿಲ್ಲಿಲ್ಲದ ಫೋನ್ ಎಷ್ಟೇ ಅಗ್ಗವಾದರೂ ಬೇಡ. ಅದು ರೈಲಿನಲ್ಲಿ ಯಾರದೋ ಜೇಬಿನಿಂದ ಹೋದದ್ದಾಗಿರಬಹುದು.

2. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು, ಆಂಡ್ರಾಯ್ಡ್ ವರ್ಷನ್ ಎಂಬಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖು ನೋಡಿ. ಅದು ಒಂದು ವರ್ಷದಷ್ಟು ಹಳೆಯದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಸಿಗದಿದ್ದರೆ ಆ ಫೋನಿನ ಆಯಸ್ಸು ಮುಗಿದಿದೆ ಎಂದೇ ತಿಳಿಯಿರಿ.

3. ಫೋನ್ ಆನ್ ಆಗುವಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಎಂಬ ಎಚ್ಚರಿಕೆ ಬಂದರೆ ಒಳಗಿನ ತಂತ್ರಾಂಶವನ್ನು ಯಾರೋ ಬದಲಿಸಿರಬಹುದು. ಬೇಡವೆಂದು ವಾಪಸ್ ಕೊಡಿ.

4. ಹಳೆಯ ಮಾಲೀಕರ ಗೂಗಲ್ ಖಾತೆ ತೆಗೆಸಿ, ನಿಮ್ಮ ಎದುರಿಗೇ ರೀಸೆಟ್ ಮಾಡಿಸಿ.

ಬೀಗದ ಗುಣಮಟ್ಟ

ಅಪ್‌ಡೇಟ್ ಆದ ಮೇಲೆ ನೋಡಬೇಕಾದದ್ದು ಫೋನಿನ ಬೀಗ. ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರ ಬಂದ ಫೋನುಗಳಲ್ಲಿ ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದು ಕಡ್ಡಾಯ. ಕೆಲವು ಫೋನುಗಳಲ್ಲಿ ಇದರ ಕೀಲಿಯನ್ನು ಕಾಯಲು ಬೇರೆಯೇ ಭಾಗವಿರುತ್ತದೆ. ಪಿಕ್ಸೆಲ್ ಫೋನುಗಳಲ್ಲಿ ಅದನ್ನು ಟೈಟನ್ ಎಂ2 ಎನ್ನುತ್ತಾರೆ. ಸ್ಯಾಮ್‌ಸಂಗ್‌ನ ನಾಕ್ಸ್ ವಾಲ್ಟ್ ಮೊದಲು ದುಬಾರಿ ಫೋನುಗಳಲ್ಲಿ ಮಾತ್ರ ಇತ್ತು, 2024ರಲ್ಲಿ ಎ35 ಮತ್ತು ಎ55ಕ್ಕೂ ಬಂತು. ಫೋನ್ ಕಳ್ಳನ ಕೈಗೆ ಹೋದರೂ ಪಿನ್ ಊಹಿಸಿ ಊಹಿಸಿ ತೆರೆಯದಂತೆ ಇದು ತಡೆಯುತ್ತದೆ. ಎರಡು ಫೋನುಗಳ ಆಯಸ್ಸು ಒಂದೇ ಆಗಿದ್ದರೆ ಇಂಥ ಭಾಗ ಇರುವುದನ್ನೇ ಆರಿಸಿ.

ಫೇಸ್ ಅನ್‌ಲಾಕ್ ಬಗ್ಗೆ ಜಾಗ್ರತೆ. ಮಧ್ಯಮ ಬೆಲೆಯ ಬಹುತೇಕ ಫೋನುಗಳು ಮುಂದಿನ ಕ್ಯಾಮೆರಾದಿಂದಷ್ಟೇ ಮುಖ ನೋಡುತ್ತವೆ. ಅವುಗಳಲ್ಲಿ ಕೆಲವನ್ನು ಒಂದು ಫೋಟೊ ತೋರಿಸಿಯೂ ತೆರೆಯಬಹುದು. ಬೆರಳಚ್ಚು ಮತ್ತು ಆರಂಕಿಯ ಪಿನ್ ಅದಕ್ಕಿಂತ ಮೇಲು. ಆ ಆರಂಕಿ ನಿಮ್ಮ ಹುಟ್ಟಿದ ದಿನವಾಗಿರಬಾರದು.

ಫೋನ್ ಮಾಡಲಾಗದ ಕೆಲಸ

ಎಷ್ಟೇ ಒಳ್ಳೆಯ ಫೋನಾದರೂ ನಾವೇ ಬಾಗಿಲು ತೆರೆದರೆ ಅದೇನೂ ಮಾಡಲಾರದು. ಈಗ ಹೆಚ್ಚಾಗಿ ನಡೆಯುವ ಮೋಸ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲಿನದು. ಮದುವೆಯ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಎಂದು ಹೆಸರಿರುತ್ತದೆ. ಒತ್ತಿದರೆ ಒಂದು ಆಪ್ ಕೂತುಕೊಂಡು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿ ಎಲ್ಲ ಅವರಿಗೆ ಹೋಗುತ್ತದೆ. ನಿಕಾಹ್‌ನ ಕರೆಯೋಲೆ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆಪ್ ಆಗಿ ಬರುವುದಿಲ್ಲ. ಇಷ್ಟು ನೆನಪಿಟ್ಟರೆ ಸಾಕು.

ಆಂಡ್ರಾಯ್ಡ್ 13ರಿಂದ ಈಚೆಗೆ, ಹೊರಗಿನಿಂದ ಬಂದ ಇಂಥ ಆಪ್‌ಗಳಿಗೆ ಕೆಲವು ಅಪಾಯಕಾರಿ ಅನುಮತಿಗಳು ಸುಲಭವಾಗಿ ಸಿಗುವುದಿಲ್ಲ. ಹೊಸ ಆವೃತ್ತಿಯಿಂದ ಸಿಗುವ ಲಾಭಕ್ಕೆ ಇದೊಂದು ಉದಾಹರಣೆ.

ಹಣ ಹೋದರೆ ಮೊದಲು ಮಾಡಬೇಕಾದದ್ದು 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ ದೂರು. ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಎಂದಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಮ್ಮದೇ ಎಂದೂ ಅದರಲ್ಲಿತ್ತು. ಆದ್ದರಿಂದ ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ಗಂಟೆಗೂ ಬೆಲೆ ಇದೆ. ಫೋನೇ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಬಹುದು. ಅದಕ್ಕೆ ಐಎಂಇಐ ಬೇಕು, ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹಳೆಯ ಫೋನ್ ಯಾರ ಕೈಗೆ?

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಜಾರಿಗೆ ಬಂದಿದೆ. ಮಾಡೆಲ್‌ನ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು ಎಂದು ಅದು ಹೇಳುತ್ತದೆ. ಕೊನೆಯಲ್ಲಿ ಕೊಂಡವರಿಗೂ, ಹಳೆಯದನ್ನು ಕೊಂಡವರಿಗೂ ಅದರಿಂದ ರಕ್ಷಣೆ ಸಿಗುತ್ತದೆ. ನಮಗೆ ಈ ಮಾತು ಮುಖ್ಯ, ಏಕೆಂದರೆ ನಮ್ಮ ಮನೆಗಳಲ್ಲಿ ಫೋನ್ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ಹೊಸದು ದುಡಿಯುವ ಅಣ್ಣನಿಗೆ, ಅಣ್ಣನದು ಓದುವವರಿಗೆ, ಎಲ್ಲರೂ ಬಳಸಿ ಉಳಿದದ್ದು ಅಮ್ಮಿಗೆ. ನನ್ನ ಕೈಗೆ ಬಂದದ್ದೂ ಅಣ್ಣನ ಫೋನೇ.

ಈಗ ಯೋಚಿಸಿ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಜಮೆಯಾಗುವುದು ಮನೆಯ ಯಜಮಾನಿಯ ಖಾತೆಗೆ. ಅದರ ಸಂದೇಶವೂ ಒಟಿಪಿಯೂ ಬರುವುದು ಅವರ ಫೋನಿಗೆ. ಆ ಸಂದೇಶ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಉರ್ದು ಮಾತ್ರ ಓದಬಲ್ಲ ತಾಯಂದಿರು ಅದನ್ನು ಬೇರೆಯವರಿಂದ ಓದಿಸಿಕೊಳ್ಳಬೇಕು. ಅಂದರೆ ಎಚ್ಚರಿಕೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಅಪ್‌ಡೇಟ್ ನಿಂತ ಫೋನ್ ಇದೆ.

ಎಲ್ಲರಿಗೂ ಹೊಸ ಫೋನ್ ಕೊಡಿಸುವುದು ನಮ್ಮಿಂದ ಆಗದು. ಆದರೆ ಮನೆಯಲ್ಲಿರುವ ಫೋನುಗಳನ್ನು ಸಾಲಾಗಿಟ್ಟು ಒಂದೊಂದರ ಅಪ್‌ಡೇಟ್ ತಾರೀಖು ನೋಡುವುದು ಆಗುತ್ತದೆ. ಅಪ್‌ಡೇಟ್ ಬರುತ್ತಿರುವ ಫೋನಿನಲ್ಲಿ ಬ್ಯಾಂಕಿನ ಸಿಮ್ ಇರಲಿ. ಅಪ್‌ಡೇಟ್ ನಿಂತದ್ದರಲ್ಲಿ ಯುಪಿಐ ಬೇಡ, ಹಾಡು ಕೇಳಲು, ಪಾಠದ ವಿಡಿಯೊ ನೋಡಲು ಅದು ಸಾಕು. ಗೆಳೆಯರೇ, ಈ ಭಾನುವಾರ ಅರ್ಧ ಗಂಟೆ ತೆಗೆದು ಈ ಕೆಲಸ ಮಾಡಿ, ಅಮ್ಮಿಯ ಫೋನಿನಿಂದಲೇ ಶುರು ಮಾಡಿ.