ನೂರು ಮಕ್ಕಳು, ಇನ್ನೂರು ಅಲೀಲ್

ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಕುಡುಗೋಲಿನಂತೆ ಬಾಗುವ ಕೆಂಪುಕಣಗಳು ಇರುವುದನ್ನು ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ವರದಿ ಮಾಡಿದರು. ಸಿಕಲ್ ಸೆಲ್ ರಕ್ತಹೀನತೆ ಎಂಬ ಆ ಕಾಯಿಲೆ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಇದೆ. ಅದರ ಹರಡುವಿಕೆಯನ್ನು ಅಳೆಯಲು ಬೇಕಾಗುವುದು ಕೂಡುವ, ಗುಣಿಸುವ, ಭಾಗಿಸುವ ಗಣಿತ ಮಾತ್ರ.

ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಒಂದು ಜೀನ್‌ನ ಎರಡು ಪ್ರತಿಗಳು ನಮ್ಮೆಲ್ಲರಲ್ಲೂ ಇವೆ: ತಾಯಿಯದೊಂದು, ತಂದೆಯದೊಂದು. ಜೀನ್‌ನ ಬೇರೆ ಬೇರೆ ರೂಪಗಳೇ ಅಲೀಲ್‌ಗಳು. ಸಹಜ ರೂಪವನ್ನು ‘ಎ’ ಎನ್ನೋಣ, ಬದಲಾದದ್ದನ್ನು ‘ಎಸ್’. ಎರಡೂ ಎಸ್ ಆದವರಿಗೆ ರೋಗ. ಒಂದೇ ಎಸ್ ಇದ್ದವರು ವಾಹಕರು. ಅವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುವುದರಿಂದಲೇ ಎಸ್ ಅಳಿಯದೆ ಉಳಿದಿದೆ.

ಒಂದು ಹಾಡಿಯಲ್ಲಿ ಹುಟ್ಟಿದ 100 ಮಕ್ಕಳಲ್ಲಿ 64 ಎಎ, 32 ಎಎಸ್, 4 ಎಸ್‌ಎಸ್ ಎಂದುಕೊಳ್ಳಿ. ಜೀನೋಟೈಪ್, ಅಂದರೆ ಅಲೀಲ್ ಜೋಡಿಯ ಆವರ್ತನ ಸುಲಭ: 0.64, 0.32, 0.04. ಅಲೀಲ್ ಎಣಿಸುವಾಗ ಮಾತ್ರ ಮಕ್ಕಳ ಸಂಖ್ಯೆಯನ್ನು ಮರೆಯಬೇಕು. ಇಲ್ಲಿರುವುದು 200 ಅಲೀಲ್. ವಾಹಕರಿಂದ 32, ರೋಗಿಗಳಿಂದ 8, ಒಟ್ಟು 40 ಎಸ್. 40ನ್ನು 200ರಿಂದ ಭಾಗಿಸಿದರೆ 0.2. ಉಳಿದ 0.8 ಎ.

ಇದನ್ನು ತಿರುವುಮುರುವಾಗಿಯೂ ಮಾಡಬಹುದೆಂದು 1908ರಲ್ಲಿ ಇಬ್ಬರು ಪ್ರತ್ಯೇಕವಾಗಿ ತೋರಿಸಿದರು: ಜರ್ಮನಿಯ ವೈದ್ಯ ವೈನ್‌ಬರ್ಗ್, ಮತ್ತು ಮುಂದೆ ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ. 0.8ರ ವರ್ಗ 0.64 ಎಎ, 0.2ರ ವರ್ಗ 0.04 ಎಸ್‌ಎಸ್, ಎರಡನ್ನೂ ಗುಣಿಸಿ ಇಮ್ಮಡಿಸಿದರೆ 0.32 ವಾಹಕರು. ಆದರೆ ಜನರೆಲ್ಲ ತಮ್ಮತಮ್ಮೊಳಗೆ ಭೇದವಿಲ್ಲದೆ ಮದುವೆಯಾಗುತ್ತಿದ್ದರೆ ಮಾತ್ರ ಈ ಸೂತ್ರ ಒಪ್ಪುತ್ತದೆ.

ನಮ್ಮ ದೇಶದಲ್ಲಿ ತೊಡಕಾಗುವುದು ಇಲ್ಲೇ. ಪಕ್ಕದ ಊರಿನ 100 ಮಕ್ಕಳಲ್ಲಿ ಎಸ್ ಒಂದೂ ಇಲ್ಲ, ಎರಡೂ ಊರುಗಳ ನಡುವೆ ಕೊಟ್ಟುತರುವ ಸಂಬಂಧವೂ ಇಲ್ಲ ಎನ್ನಿ. ಎರಡನ್ನೂ ಸೇರಿಸಿದರೆ 400 ಅಲೀಲ್‌ಗಳಲ್ಲಿ 40 ಎಸ್, ಅಂದರೆ 0.1. ಸೂತ್ರದ ಪ್ರಕಾರ 200 ಮಕ್ಕಳಲ್ಲಿ 2 ರೋಗಿಗಳು ಇರಬೇಕು. ನಿಜವಾಗಿ ಇರುವುದು ನಾಲ್ಕು, ಅದೂ ಒಂದೇ ಹಾಡಿಯಲ್ಲಿ! ವಾಹಕರು 36 ಎಂದು ಸೂತ್ರ ಹೇಳಿದರೆ ಇರುವವರು 32. 1928ರಲ್ಲಿ ಸ್ವೀಡನ್ನಿನ ವಾಲುಂಡ್ ವಿವರಿಸಿದ ಪರಿಣಾಮ ಇದೇ.

ಸಮುದಾಯದೊಳಗೇ ಮದುವೆ ನಡೆಯುವ ನಾಡಿನಲ್ಲಿ ಜಿಲ್ಲೆಗೊಂದು ಸರಾಸರಿ ಹಿಡಿದು ಯೋಜನೆ ಮಾಡುವುದು ತಪ್ಪು ಎಂದು ನಾನು ಖಚಿತವಾಗಿ ನಂಬುತ್ತೇನೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತ್ತು. ಆ ತಪಾಸಣೆಯ ಅಂಕಿಗಳನ್ನು ಸಮುದಾಯವಾರು, ಹಾಡಿವಾರು ಬಿಡಿಸಿ ನೋಡಿದರೆ ಈ ರೋಗಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಯಾವ ಆರೋಗ್ಯ ಕೇಂದ್ರದಲ್ಲಿ ಎಷ್ಟು ದಾಸ್ತಾನು ಇರಬೇಕೆಂಬುದು ಗೊತ್ತಾಗುತ್ತದೆ.