ಅಜ್ಜಿಯ ಜಪಸರ ತಮಿಳು, ಮೊಮ್ಮಗಳದು ಕನ್ನಡ, ಕಿರಿಯವನದು ಇಂಗ್ಲಿಷು!

ಶಾಗ್ಯ: ಬೆಳಗ್ಗೆ ಹನೂರಿಗೆ ಹೊರಡುವ ಬಸ್ಸು ಹತ್ತಿದವರಿಗೆ ಗೊತ್ತು, ಕಾಲಿಡೋಕೆ ಜಾಗ ಇರೋಲ್ಲ. ಅರ್ಧ ಬಸ್ಸು ಯೂನಿಫಾರಂ ಹಾಕಿದ ಐಕ್ಳು. ಟೈ, ಬೆಲ್ಟು, ಬೆನ್ನ ಮೇಲೆ ಮೂಟೆಯಂಥ ಬ್ಯಾಗು. ಆ ಮಕ್ಕಳ ಮನೆಯಲ್ಲಿ ನೋಡಿದರೆ ಗೋಡೆಗೆ ಹುಲಿ ಏರಿದ ಮಾದಪ್ಪನ ಪಟ, ಪಟಕ್ಕೆ ದುಂಡುಮಲ್ಲಿಗೆ ಹಾರ. ಓದೋಕೆ ಮಾತ್ರ ಕಾನ್ವೆಂಟೇ ಬೇಕು. ನಮ್ಮ ಸೀಮೆಯಲ್ಲಿ ಕಾನ್ವೆಂಟು ಅಂದರೆ ಇಂಗ್ಲಿಷ್ ಸ್ಕೂಲು, ಶಿಸ್ತು, ಫೀಸು, ಇಷ್ಟೇ ಅರ್ಥ. ಶಿಲುಬೆ ಇಲ್ಲದ ಸ್ಕೂಲಿಗೂ ಕಾನ್ವೆಂಟು ಅಂತಲೇ ಕರೆಯುತ್ತೇವಲ್ಲ!

ಆದರೆ ಕೆಥೊಲಿಕ್ ಸಭೆ ಶಾಲೆ ಕಟ್ಟಿದ್ದರ ಹಿಂದೆ ಇನ್ನೊಂದು ಕೆಲಸವೂ ಇದೆ. ತಮ್ಮ ಜನರ ಮನೆಗಳಲ್ಲಿ ವಿಶ್ವಾಸ ಆರದಂತೆ ನೋಡಿಕೊಳ್ಳುವುದು. ಈ ಕೆಲಸ ಬಸ್ಸಿನವರಿಗೆ, ಅಂಗಡಿಯವರಿಗೆ ಕಾಣುವುದಿಲ್ಲ. ಕಾಣುವುದು ವರ್ಷಕ್ಕೊಮ್ಮೆ ಮಾತ್ರ. ಬೇಸಿಗೆಯಲ್ಲಿ ಯಾರಾದರೂ ಜವಳಿ ಅಂಗಡಿಗೆ ಬಂದು, ಎಂಟು ಹತ್ತು ವರ್ಷದ ಹುಡುಗಿಗೆ ಅಚ್ಚಬಿಳಿ ಫ್ರಾಕು, ತಲೆಗೆ ಬಿಳಿ ಮುಸುಕು, ಕೈಗೊಂದು ದೊಡ್ಡ ಮೇಣದ ಬತ್ತಿ ಕೇಳಿದರೆ ಅದು ಪ್ರಥಮ ಪರಮಪ್ರಸಾದದ ಬಟ್ಟೆ ಎಂದು ಹಳೆ ವ್ಯಾಪಾರಿಗಳು ಕೂಡಲೇ ಹೇಳಿಬಿಡುತ್ತಾರೆ. ಬಟ್ಟೆಯ ಹಿಂದೆ ಇರುವ ತಿಂಗಳುಗಟ್ಟಲೆ ಪಾಠ, ಆ ಪಾಠಕ್ಕೆ ಅಪ್ಪ ಅಮ್ಮನನ್ನು ಎಳೆದು ತರುವ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಮತಾಂತರದ ಗುಮಾನಿ

ಮೊದಲು ಊರ ಬಾಯಿಗೆ ಬೀಳುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ನಮ್ಮ ಮಕ್ಕಳಿಗೂ ಆ ಪಾಠ ಮಾಡ್ತಾರಾ? ಕಾನೂನು ಇದರಲ್ಲಿ ಬಲು ಸ್ಪಷ್ಟ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿ ಮಾತ್ರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಪಾಠಕ್ಕೆ ಕೂರಿಸಬಾರದು ಅನ್ನುತ್ತದೆ. ಹಾಗಾಗಿ ಇಂಥ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗೆ ಜ್ಞಾನೋಪದೇಶ, ಉಳಿದವರಿಗೆ ನೀತಿಪಾಠ ಎಂದು ಎರಡು ಕವಲು ಮಾಡುವುದು ಹಳೆಯ ರೂಢಿ. 2024ರಲ್ಲಿ ಭಾರತದ ಕೆಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ತನ್ನ ಶಾಲೆಗಳಿಗೆ ಒಂದು ಸೂಚನಾಪಟ್ಟಿಯನ್ನೇ ಕಳಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚಾರ ಹೇರಬೇಡಿ, ಬೆಳಗ್ಗೆ ಸಂವಿಧಾನದ ಪೀಠಿಕೆ ಓದಿಸಿ, ಸಾಧ್ಯವಾದರೆ ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನಾ ಕೋಣೆ ಇಡಿ ಎಂಬುದು ಅದರ ಸಾರ.

ನಮ್ಮ ಕಡೆ ಈ ಬೆರಕೆ ಹೊಸದೇನಲ್ಲ ಬಿಡಿ. 2025ರಲ್ಲಿ ಶಿವರಾತ್ರಿ ಬಂದಿದ್ದು ಫೆಬ್ರವರಿ 26ಕ್ಕೆ, ಬುಧವಾರ. ಮಾದಪ್ಪನ ಬೆಟ್ಟಕ್ಕೆ ಪರಸೆ ಹೊರಟವರ ಹಣೆಯ ಮೇಲೆಲ್ಲ ವಿಭೂತಿ. ಸರಿಯಾಗಿ ವಾರಕ್ಕೆ, ಮಾರ್ಚ್ 5ರ ಬುಧವಾರ, ಚರ್ಚಿನಿಂದ ಹೊರಬಂದವರ ಹಣೆಯ ಮೇಲೂ ಬೂದಿ! ಅವರು ಆ ದಿನವನ್ನು ಕರೆಯುವುದೂ ವಿಭೂತಿ ಬುಧವಾರ ಅಂತಲೇ. ಅಲ್ಲಿಂದ ನಲವತ್ತು ದಿನ ಉಪವಾಸದ ಕಾಲ.

ಮಾರ್ಟಳ್ಳಿ ಸೀಮೆಯ ಕಥೆಯೇ ಬೇರೆ

ಶಾಗ್ಯದ ಮಕ್ಕಳಿಗೆ ಕಾನ್ವೆಂಟು ಪಾಠದ ವಿಷಯ. ಹನೂರು ದಾಟಿ ರಾಮಾಪುರ, ಕೌದಳ್ಳಿಯಾಚೆಗಿನ ಮಾರ್ಟಳ್ಳಿ, ಸಂದನಪಾಳ್ಯದ ಕಡೆಗೆ ಹೋದರೆ ಅದು ಮನೆಯ ವಿಷಯ. ಅಲ್ಲಿ ಊರೂರೇ ಕ್ರೈಸ್ತರು. ಮನೆಮಾತು ತಮಿಳು. ಅದಕ್ಕೆ ಕಾರಣವೂ ಇದೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ದಿನ ಮೈಸೂರು ರಾಜ್ಯಕ್ಕೆ ಬಂತು. ಗಡಿಗೆರೆ ಸರಿಯಿತು, ಜನ ಇದ್ದಲ್ಲೇ ಇದ್ದರು. ಸಭೆಯ ಲೆಕ್ಕದಲ್ಲಿ ಇವರೆಲ್ಲ ಮೈಸೂರು ಧರ್ಮಕ್ಷೇತ್ರ. 1886ರಲ್ಲಿ ಹುಟ್ಟಿದ ಈ ಧರ್ಮಕ್ಷೇತ್ರದಿಂದ 1940ರಲ್ಲಿ ಬೆಂಗಳೂರು ಬೇರೆಯಾಯಿತು. ಈಗ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ನಾಲ್ಕು ಜಿಲ್ಲೆ ಇದರ ವ್ಯಾಪ್ತಿ.

ಎರಡನೇ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಅದಾದ ಮೇಲೆ ಲ್ಯಾಟಿನ್ ಪೂಜೆ ಹೋಗಿ ಜನರ ಭಾಷೆಯ ಪೂಜೆ ಬಂತು. ಆದರೆ ಜನರ ಭಾಷೆ ಯಾವುದು? ಈ ಸೀಮೆಯಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಅಜ್ಜಿಗೆ ಜಪಸರ ಬಾಯಿಗೆ ಬರುವುದು ತಮಿಳಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿತ ದೊಡ್ಡ ಮೊಮ್ಮಗಳಿಗೆ ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಂಗೆ ಸೇರಿದ ಚಿಕ್ಕವನು ಇಂಗ್ಲಿಷಿನಲ್ಲಿ ಗಟ್ಟಿ ಮಾಡಿಕೊಂಡು ಬರುತ್ತಾನೆ. ರಾತ್ರಿ ದೀಪ ಹಚ್ಚಿ ಕೂತರೆ ಒಬ್ಬರು ಶುರು ಮಾಡಿದ ಪ್ರಾರ್ಥನೆಯನ್ನು ಇನ್ನೊಬ್ಬರು ಮುಗಿಸೋಕೆ ಆಗುವುದಿಲ್ಲ. ಜಪಸರದ ಕ್ರಮವೇ ಹಾಗೆ, ಅರ್ಧ ಒಬ್ಬರು, ಉಳಿದರ್ಧ ಎಲ್ಲರೂ ಸೇರಿ ಹೇಳಬೇಕು. ಭಾಷೆ ಬೇರೆಯಾದರೆ ಸರವೇ ಕಡಿಯಿತು. ವಿಶ್ವಾಸ ತಣ್ಣಗಾಗಿದೆ ಎಂದು ಪ್ರಸಂಗ ಮಾಡುವವರು ಈ ಕಡೆಗೂ ಒಂದು ಕಣ್ಣು ಹಾಯಿಸಿದರೆ ಒಳ್ಳೆಯದು.

ಅಪ್ಪ ಜೈಲಲ್ಲಿ, ಅವ್ವ ಕೂಲೀಲಿ

ಈ ಊರುಗಳ ಮನೆ ಒಡೆದದ್ದು ಭಾಷೆಯಿಂದಷ್ಟೇ ಅಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿತು. 22 ಮಂದಿ ಸತ್ತರು. ಆಮೇಲೆ ಟಾಡಾ ಕಾಯ್ದೆಯ ಕೈ ಕಾಡಂಚಿನ ಹಳ್ಳಿಗಳ ಮೇಲೆ ಬಿತ್ತು. ಮಾರ್ಟಳ್ಳಿ ಸೀಮೆಯಿಂದಲೂ ಗಂಡಸರನ್ನು ಹಿಡಿದು ಮೈಸೂರು ಜೈಲಿಗೆ ಹಾಕಿದರು. ತೀರ್ಪು ಬಂದದ್ದು 2001ರ ಸೆಪ್ಟೆಂಬರಿನಲ್ಲಿ. ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳು ಅಂತಾಯಿತು! ಅಷ್ಟರಲ್ಲಿ ಅವರ ಬದುಕಿನ ವರ್ಷಗಳೇ ಕಂಬಿಯ ಹಿಂದೆ ಕಳೆದಿದ್ದವು. ಪೊಲೀಸ್ ಕಾರ್ಯಪಡೆಯ ದೌರ್ಜನ್ಯದ ದೂರುಗಳ ಮೇಲೆ ನಿವೃತ್ತ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಣೆ ಮಾಡಿತು. 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ ಪರಿಹಾರ ಕೊಡಿ ಎಂದು ಹೇಳಿತು.

ಪರಿಹಾರದ ಮಾತು ಇರಲಿ. ಅಪ್ಪ ಒಳಗೆ, ಅವ್ವ ಕೂಲಿಗೆ, ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ. ಅಂಥ ಮನೆಯ ಮಗುವಿಗೆ ಕೈ ಹಿಡಿದು ಶಿಲುಬೆ ಗುರುತು ಹಾಕಿಸುವವರು ಯಾರು? ಸ್ಕೂಲಿನ ಸಿಸ್ಟರು, ಇಲ್ಲ ಭಾನುವಾರದ ಉಪದೇಶಿ. ಹೆತ್ತವರು ಮಕ್ಕಳಿಗೆ ಹೇಳಿಕೊಡಬೇಕಾದ್ದನ್ನು ಮಕ್ಕಳೇ ಕಲಿತು ಬಂದು ಮನೆಯಲ್ಲಿ ಹೇಳುವಂಥ ತಿರುಗುಮುರುಗು ಇಂಥ ಕಡೆಯೇ ಶುರುವಾಗುವುದು.

ಸಭೆಯ ಬೋಧನೆ ಇದಕ್ಕೆ ತದ್ವಿರುದ್ಧ. 1965ರ ಅಕ್ಟೋಬರ್ 28ರಂದು ಹೊರಟ ಶಿಕ್ಷಣ ಘೋಷಣೆಯಲ್ಲಿ ಮಹಾಸಭೆ ಹೇಳಿದ್ದು, ಮಗುವಿನ ಮೊದಲ ಗುರು ಹೆತ್ತವರೇ, ಶಾಲೆ ಅವರಿಗೆ ಆಸರೆ ಮಾತ್ರ ಅಂತ. ಕಾಗದದ ಮೇಲೆ ಚೆಂದವಾಗಿದೆ. ಆದರೆ ಮೊದಲ ಗುರು ಊರಲ್ಲೇ ಇಲ್ಲದಿದ್ದರೆ?

ಗುಳೆ ಹೋದ ಗುರುಗಳು

ಈಗಿನ ಸಂಕಟ ಇದೇ. ಮಳೆ ನಂಬಿದ ರಾಗಿ, ಮುಸುಕಿನ ಜೋಳದ ಹೊಲ ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ. ಗಂಡ ಹೆಂಡಿರು ಕಲ್ಲು ಕ್ವಾರಿಗೋ, ತಿರುಪ್ಪೂರಿಗೋ, ಬೆಂಗಳೂರಿಗೋ, ಕೊಡಗಿನ ಕಾಫಿ ತೋಟಕ್ಕೋ ಹೋಗ್ತಾರೆ. ಮಕ್ಕಳು ಅಜ್ಜಿ ಮನೇಲಿ, ಇಲ್ಲ ಹಾಸ್ಟೆಲಿನಲ್ಲಿ. ಎಲ್ಲರೂ ಒಂದೇ ಸೂರಿನಡಿ ಸೇರುವುದು ಕ್ರಿಸ್ಮಸ್, ಈಸ್ಟರ್, ಊರ ಚರ್ಚಿನ ಹಬ್ಬಕ್ಕೆ. ಕೆಲವರು ಸೆಪ್ಟೆಂಬರ್ 8ರ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ ಊರಿಗೆ ಬರುವ ಬದಲು ನೇರ ವೇಳಾಂಗಣ್ಣಿಗೇ ಹೋಗಿಬಿಡುತ್ತಾರೆ.

ಶಾಲೆ ಮತ್ತು ಧರ್ಮಕೇಂದ್ರ ಇದ್ದುದರಲ್ಲೇ ಹಿಡಿದಿರುವ ಕೊನೆಯ ದಾರ ಪ್ರಥಮ ಪರಮಪ್ರಸಾದ. ಮಗು ಪ್ರಾರ್ಥನೆ ಕಲಿಯಬೇಕು, ಪಾಪನಿವೇದನೆ ಮಾಡಲು ತಿಳಿಯಬೇಕು, ಪೂಜೆಯ ಅರ್ಥ ಗೊತ್ತಿರಬೇಕು. ಅದರ ಜೊತೆಗೆ ಅಪ್ಪ ಅಮ್ಮನಿಗೂ ಬುಲಾವ್ ಹೋಗುತ್ತದೆ. ಎಷ್ಟೋ ಗಂಡಸರು ಮದುವೆಯಾದ ಮೇಲೆ ಪಾಪನಿವೇದನೆಯ ಪೀಠದ ಹತ್ತಿರ ಸುಳಿದಿರುವುದೇ ಇಲ್ಲ. ಸ್ವಾಮಿಗಳು ಬೈದರೆ ಬಾರದವರು, ಬಿಳಿ ಫ್ರಾಕು ಹಾಕಿದ ಮಗಳು ಕರೆದರೆ ಬರ್ತಾರೆ. ಕುಡಿತ ಬಿಡಿಸಲು ಹೆಂಡತಿಯ ಕಣ್ಣೀರು ಸಾಲದಿದ್ದರೂ, ಆ ಒಂದು ಭಾನುವಾರದ ಮಟ್ಟಿಗಾದರೂ ಬಾಟಲಿ ದೂರ ಇರುತ್ತದೆ. ಸೋಮವಾರದ ಗ್ಯಾರಂಟಿ ಮಾತ್ರ ಯಾರೂ ಕೊಡೋಲ್ಲ.

ಇನ್ನೊಂದು ಉಪಾಯ ಕಿರು ಕ್ರೈಸ್ತ ಸಮುದಾಯ. ಅಕ್ಕಪಕ್ಕದ ಹತ್ತಿಪ್ಪತ್ತು ಮನೆ ಸೇರಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಬೈಬಲ್ ಓದಿ, ಕಷ್ಟಸುಖ ಮಾತಾಡುವುದು. ತಮಿಳಿನವರು ಇದನ್ನೇ ಅನ್ಬಿಯಂ ಅನ್ನುತ್ತಾರೆ. ಶಾಲೆಯ ಸಿಸ್ಟರುಗಳು ಸಂಜೆ ಮನೆ ಭೇಟಿಗೆ ಬಂದಾಗ ಮಗುವಿನ ಮಾರ್ಕ್ಸ್ ಕಾರ್ಡಿನ ಮಾತು ಮುಗಿಸಿ ಈ ಕೂಟದ ಮಾತಿಗೆ ಬರುತ್ತಾರೆ. ಮಾರ್ಕ್ಸ್ ಕಾರ್ಡು ನೆಪ ಅಂತ ತಾಯಂದಿರಿಗೂ ಗೊತ್ತು!

ಕನ್ನಡ ಕೊಠಡಿ ಖಾಲಿ

ಇದೆಲ್ಲ ನಡೆಯಬೇಕಾದ ಜಾಗವೇ ಬದಲಾಗುತ್ತಿದೆ. ಬಡವರ ಮಕ್ಕಳು ಓದುತ್ತಿದ್ದದ್ದು ಚರ್ಚಿನ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ. 1995ರ ನಂತರ ಶುರುವಾದ ಶಾಲೆಗೆ ಸರ್ಕಾರದ ಅನುದಾನ ಇಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟು ಕಲಿಕೆಯ ಮಾಧ್ಯಮ ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಎಂದ ಮೇಲೆ ಇಂಗ್ಲಿಷಿನ ಓಟಕ್ಕೆ ಇದ್ದ ತಡೆಯೂ ಹೋಯಿತು. ಇಂಗ್ಲಿಷ್ ಶಾಲೆ ಫೀಸಿನ ಮೇಲೆ ನಿಲ್ಲಬೇಕು. ಫೀಸು ಕಟ್ಟಬಲ್ಲವರು ಪೇಟೆಯ ಬಳಿ ಇದ್ದಾರೆ, ಕ್ವಾರಿಯ ಕೂಲಿಯವರಲ್ಲ. ಹೀಗಾದರೆ ಕಾನ್ವೆಂಟಿನ ಬೆಂಚಿನ ಮೇಲೆ ಅಂಗಡಿಯವರ ಮಕ್ಕಳು ಹೆಚ್ಚಿ, ಚರ್ಚಿನ ಬಡಮಕ್ಕಳು ಸರ್ಕಾರಿ ಶಾಲೆಗೆ ಸರಿಯುತ್ತಾರೆ. ಕೆಥೊಲಿಕ್ ಶಾಲೆ ಕೆಥೊಲಿಕ್ ಬಡವನಿಗೇ ಎಟುಕದಿದ್ದರೆ ಜ್ಞಾನೋಪದೇಶ ಕೇಳುವವರು ಯಾರು? 2007ರಲ್ಲಿ ಧರ್ಮಾಧ್ಯಕ್ಷರೇ ಒಪ್ಪಿದ ಶಿಕ್ಷಣ ನೀತಿಯಲ್ಲಿ ಬಡವರಿಗೆ, ದಲಿತರಿಗೆ, ಆದಿವಾಸಿಗಳಿಗೆ ಮೊದಲ ಮಣೆ ಅಂತ ಬರೆದಿದೆ. ಅಡ್ಮಿಷನ್ ಸಮಯದಲ್ಲಿ ಆ ಸಾಲು ಎಷ್ಟು ಶಾಲೆಗಳ ಆಫೀಸಿನಲ್ಲಿ ನೆನಪಿಗೆ ಬರುತ್ತದೋ, ಸಿಸ್ಟರುಗಳೇ ಹೇಳಬೇಕು.

ಸರ್ಕಾರಿ ಶಾಲೆಗೆ ಹೋದ ಮಕ್ಕಳಿಗೆ ಉಳಿದಿರುವುದು ಭಾನುವಾರದ ತರಗತಿ ಒಂದೇ. ಪೂಜೆ ಮುಗಿದ ಮೇಲೆ ಚರ್ಚಿನ ವರಾಂಡದಲ್ಲೋ ಮರದಡಿಯೋ ಒಂದು ಗಂಟೆ. ದೂರದ ಹಳ್ಳಿಯ ಮಕ್ಕಳು ಬಸ್ಸಿನ ಟೈಮು ನೋಡಿಕೊಂಡು ಅರ್ಧಕ್ಕೇ ಎದ್ದು ಓಡುವುದೂ ಉಂಟು. ಅಕ್ಟೋಬರ್ ಜಪಸರದ ತಿಂಗಳು. ಆಗ ಗುಳೆ ಹೋದ ಅಪ್ಪನನ್ನು ಫೋನಿನಲ್ಲಿ ಕರೆದು, ಸ್ಪೀಕರ್ ಹಾಕಿ, ಮೊಬೈಲನ್ನು ಮಾತೆಯ ಪಟದ ಮುಂದೆ ಒರಗಿಸಿ ಜಪ ಮಾಡುವ ಮನೆಗಳೂ ಇವೆ. ಯಾವ ಭಾಷೆಯಲ್ಲಿ ಅಂತ ಕೇಳಿದರೆ, ಅಜ್ಜಿ ಇರೋ ತನಕ ತಮಿಳೇ ಅಂತಾರೆ.