ಕುದುರೆಮುಖದ ಕಾಲುದಾರಿಯಲ್ಲಿ ಒಂದು ದಿವಸ

ನಮ್ಮ ಸಪ್ತಾಪುರದಲ್ಲಿ ಬೆಳಗಿನ ತಿರುಗಾಟಕ್ಕೆ ಹೋಗುವವರು ಕಡಿಮೆ ಜನರಲ್ಲ. ಕೆಲವರು ಕೆಲಗೇರಿ ಕೆರೆಯ ದಂಡೆಯವರೆಗೆ, ಕೆಲವರು ವಿಶ್ವವಿದ್ಯಾಲಯದ ಗುಡ್ಡದವರೆಗೆ ಹೋಗಿಬರುವರು. ಈ ನಡಿಗೆಯ ಬಲದ ಮೇಲೆ ಯಾವ ಪರ್ವತವನ್ನಾದರೂ ಏರಬಲ್ಲೆವೆಂಬ ವಿಶ್ವಾಸವು ನಮ್ಮಲ್ಲಿ ಮೆಲ್ಲಗೆ ಬೆಳೆದಿತ್ತು. ಆ ವಿಶ್ವಾಸದಲ್ಲಿ ನಿಜವೆಷ್ಟು, ಹುಸಿಯೆಷ್ಟು ಎಂಬದನ್ನು ಕಳೆದ ಭಾದ್ರಪದದಲ್ಲಿ ಕುದುರೆಮುಖದ ಕಾಡು ನಮಗೆ ಕಲಿಸಿಕೊಟ್ಟಿತು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಇಂಥ ದಾರಿಗೆ ಹೊರಡಬೇಕೆಂದಿರುವ ಗೃಹಸ್ಥರಿಗೆ ನಮ್ಮ ಅನುಭವವು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೂರು ಮನೆಗಳಿಂದ ಕೂಡಿ ನಾವು ಏಳು ಜನರಿದ್ದೆವು. ಎಲ್ಲರಿಗೂ ಹಿರಿಯರೆಂದರೆ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದ ನಮ್ಮ ಕಾಕಾ. ಅವರಿಗೆ ಅರವತ್ಮೂರು ವರ್ಷ. ಎಲ್ಲರಿಗೂ ಕಿರಿಯಳು ನೆರೆಮನೆಯ ಹುಡುಗಿ, ಅವಳಿಗೆ ಹದಿನೈದು. ಕಾಲೇಜಿನಲ್ಲಿ ಓದುವ ಒಬ್ಬ ತರುಣನೇ ಈ ಪ್ರವಾಸದ ಮೂಲಪುರುಷನು. ಗಣಪತಿಯನ್ನು ಕಳಿಸಿದ ಮೇಲೆ ಒಂದು ಬೆಳಿಗ್ಗೆ ಬಾಡಿಗೆಯ ಗಾಡಿಯಲ್ಲಿ ಹೊರಟು, ಹುಬ್ಬಳ್ಳಿ, ಹಾವೇರಿ, ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪಗಳ ಮೇಲೆ ಹಾಯ್ದು ಸಂಜೆಗೆ ಕಳಸವನ್ನು ಮುಟ್ಟಿದೆವು. ಭದ್ರೆಯ ಮಗ್ಗುಲಲ್ಲಿರುವ ಆ ಊರಿನ ಕಳಸೇಶ್ವರನಿಗೆ ನಮಸ್ಕರಿಸಿ, ಸಂಸೆಯ ಹತ್ತಿರ ಒಬ್ಬರ ಮನೆಯಲ್ಲಿ ರಾತ್ರಿ ಕಳೆದೆವು. ಹೆಂಚಿನ ಮೇಲೆ ಮಳೆಯು ರಾತ್ರಿಯೆಲ್ಲ ಸುರಿಯುತ್ತಲೇ ಇತ್ತು. ನಮ್ಮ ಧಾರವಾಡಕ್ಕೆ ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರು ಮಳೆಯಾದರೆ, ಕುದುರೆಮುಖದ ನೆತ್ತಿಗೆ ೬,೦೦೦ಕ್ಕೂ ಹೆಚ್ಚು ಬೀಳುತ್ತದೆ. ಈ ಅಂಕೆಗಳನ್ನು ನಾವು ಮೊದಲೇ ಓದಿದ್ದೆವು. ಆದರೆ ಓದಿದ ಮಳೆಗೂ ತೊಯಿಸುವ ಮಳೆಗೂ ಅಂತರವಿದೆಯಷ್ಟೆ.

ಒಂದು ದಿಕ್ಕಿನಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವದರಿಂದ ಈ ಪರ್ವತಕ್ಕೆ ಆ ಹೆಸರು. ಎತ್ತರವು ಸುಮಾರು ೧,೮೯೦ ಮೀಟರು. ಸುತ್ತಲಿನ ಸುಮಾರು ೬೦೦ ಚದರ ಕಿಲೋಮೀಟರು ಅರಣ್ಯವನ್ನು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಸಿಂಗಳೀಕ, ಹುಲಿ, ಕಾಟಿ, ಕಡವೆಗಳಿಗೆ ಇದು ಆಶ್ರಯಸ್ಥಾನ. ಯುನೆಸ್ಕೋ ಸಂಸ್ಥೆಯು ೨೦೧೨ರಲ್ಲಿ ಪಶ್ಚಿಮಘಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಇದೇ ಗುಡ್ಡಗಳ ಸಾಲಿನಲ್ಲಿ ಕಬ್ಬಿಣದ ಅದಿರಿದೆ. ೧೯೭೬ರಲ್ಲಿ ಅದಕ್ಕಾಗಿಯೇ ಒಂದು ಸರಕಾರಿ ಕಂಪನಿಯು ಹುಟ್ಟಿತು. ಸರ್ವೋಚ್ಚ ನ್ಯಾಯಾಲಯದ ೨೦೦೨ರ ತೀರ್ಪಿನಂತೆ ೨೦೦೫ರ ಕೊನೆಗೆ ಗಣಿಯ ಕೆಲಸವು ನಿಂತಿತು.

ಈ ಕಾಡಿನ ಮಳೆಯು ನಮಗೆ ಪರಕೀಯವಾದದ್ದಲ್ಲ. ತುಂಗೆ, ಭದ್ರೆ, ನೇತ್ರಾವತಿಗಳ ಮೂಲವು ಈ ಉದ್ಯಾನದೊಳಗಿನ ಗಂಗಾಮೂಲದಲ್ಲಿದೆ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಮುಂದೆ ಹಾವೇರಿ ಜಿಲ್ಲೆಯ ಅಂಚನ್ನು ಹಿಡಿದು ಹರಿಯುತ್ತವೆ. ಆ ಹಾವೇರಿಯು ೧೯೯೭ರವರೆಗೆ ನಮ್ಮ ಧಾರವಾಡ ಜಿಲ್ಲೆಯದೇ ಭಾಗವಾಗಿತ್ತು. ನಮ್ಮ ಕಾಕಾ ಹುಟ್ಟಿದ್ದು ಆ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ. “ಸಣ್ಣವನಿದ್ದಾಗ ಕುಡದ ನೀರು ಎಲ್ಲಿಂದ ಬರತಿತ್ತು ಅನ್ನೂದನ್ನ ಒಮ್ಮೆ ನೋಡಬೇಕು” ಎಂಬದೇ ಅವರು ನಮ್ಮೊಡನೆ ಬರಲು ಕಾರಣ.

ಈಗ ಈ ದಾರಿಗೆ ಮನ ಬಂದಾಗ ಹೋಗಲಿಕ್ಕೆ ಬರುವದಿಲ್ಲ. ೨೦೨೪ರ ಜನವರಿಯ ಕೊನೆಗೆ ಕುಮಾರಪರ್ವತಕ್ಕೆ ಸಾವಿರಾರು ಜನರು ಒಮ್ಮೆಲೆ ಮುಗಿಬಿದ್ದುದರಿಂದ ಸರಕಾರವು ಇಂಥ ಕಾಲ್ನಡಿಗೆಗಳನ್ನು ಕೆಲವು ಕಾಲ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ತಾಣದ ಮೂಲಕ ಮುಂಗಡ ಪರವಾನಿಗೆ ಪಡೆಯುವ ವ್ಯವಸ್ಥೆಯನ್ನು ಮಾಡಿ, ಒಂದು ದಾರಿಗೆ ದಿನಕ್ಕೆ ೩೦೦ ಜನರೆಂಬ ಮಿತಿಯನ್ನು ಹಾಕಿತು. ಬೆಳಗ್ಗೆ ಹೋದವರು ಸಂಜೆಯೊಳಗೆ ಮರಳಬೇಕು. ಮೇಲೆ ರಾತ್ರಿ ತಂಗುವದು ನಿಷಿದ್ಧ. ಇದರಿಂದ ಕೆಲವರಿಗೆ ತೊಂದರೆಯೆನಿಸಬಹುದು. ಆದರೆ ಆ ದಾರಿಯನ್ನು ಕಣ್ಣಾರೆ ಕಂಡ ಮೇಲೆ ನಮಗೆ ಹಾಗೆ ಅನ್ನಿಸಲಿಲ್ಲ.

ಈಗ ನಮ್ಮ ತಪ್ಪನ್ನು ಹೇಳಿಬಿಡುವದೇ ಒಳ್ಳೆಯದು. ಆರೂವರೆಗೆ ನಡಿಗೆಯನ್ನು ಆರಂಭಿಸಬೇಕೆಂದು ಹಿಂದಿನ ರಾತ್ರಿಯೇ ನಿಶ್ಚಯವಾಗಿತ್ತು. ಬೆಳಗ್ಗೆ ಬಿಸಿ ಕಡುಬು, ಎರಡನೆಯ ಸಲದ ಚಹ, ಮಂಜಿನಲ್ಲಿ ಛಾಯಾಚಿತ್ರ ತೆಗೆಯುವ ಉತ್ಸಾಹ ಇವೆಲ್ಲವುಗಳಲ್ಲಿ ಹೊತ್ತು ಜಾರಿತು. ಬಾಳೆಗಲ್ಲಿನಿಂದ ಮುಳ್ಳೋಡಿಯವರೆಗಿನ ಹದಗೆಟ್ಟ ರಸ್ತೆಯನ್ನು ಜೀಪಿನಲ್ಲಿ ಕುಲುಕುತ್ತ ದಾಟಿ, ಅರಣ್ಯ ಇಲಾಖೆಯವರ ತಪಾಸಣೆ ಮುಗಿಸಿ, ಮಾರ್ಗದರ್ಶಕನೊಡನೆ ಹೆಜ್ಜೆ ಹಾಕಿದಾಗ ಎಂಟೂವರೆ ಗಂಟೆ. ಶಿಖರಕ್ಕೆ ಅಲ್ಲಿಂದ ಸುಮಾರು ಒಂಬತ್ತು ಕಿಲೋಮೀಟರು, ಹೋಗಿಬರುವದಕ್ಕೆ ಹದಿನೆಂಟು. ಕಳೆದ ಎರಡು ತಾಸಿನ ಬೆಲೆಯು ಆಗ ನಮಗೆ ತಿಳಿದಿರಲಿಲ್ಲ.

ಮೊದಲಿನ ದಾರಿಯು ತೋಟ, ಗದ್ದೆ, ಮರಗಳ ನೆರಳುಗಳಲ್ಲಿ ಸಾಗುತ್ತದೆ. ಅಡ್ಡಲಾಗಿ ಹಳ್ಳಗಳು ಬರುತ್ತವೆ. ಸೇತುವೆಯಿಲ್ಲ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕು. ಆ ದಿನ ಎಲ್ಲಕ್ಕೂ ದೊಡ್ಡ ಹಳ್ಳದಲ್ಲಿ ಬೆಳಗಿನ ನೀರು ಮೀನಗಂಡದ ಮಟ್ಟಕ್ಕಿತ್ತು. ತಿಳಿಯಾಗಿದ್ದುದರಿಂದ ತಳದ ಹರಳುಗಳೆಲ್ಲ ಕಾಣುತ್ತಿದ್ದವು. ಹುಡುಗರು ನಗುತ್ತ ದಾಟಿದರು. ಕಾಕಾ ಒಂದು ಬೊಗಸೆ ನೀರನ್ನೆತ್ತಿ ಕಣ್ಣಿಗೆ ಒತ್ತಿಕೊಂಡರು.

ಮುಂದೆ ಏರು. ಒಂಟಿಮರ, ಲೋಬೋ ಮನೆ ಎಂಬವು ಈ ದಾರಿಯ ಹೆಸರಾದ ಗುರುತುಗಳು. ಗಿಡಗಳ ನೆರಳು ಮುಗಿದ ಕಡೆಗೆ ಹುಲ್ಲುಗಾವಲಿನ ಬೋಳು ಗುಡ್ಡಗಳು. ಅವುಗಳ ಮಡಿಲುಗಳಲ್ಲಿ ಮಾತ್ರ ಶೋಲಾ ಎಂದು ಕರೆಯುವ ದಟ್ಟ ಕಾಡಿನ ತುಣುಕುಗಳು. ಹುಲ್ಲೂ ಶೋಲಾ ಕಾಡೂ ಕೂಡಿ ಮಳೆಯ ನೀರನ್ನು ಮಣ್ಣಿನಲ್ಲಿ ಹಿಡಿದಿಟ್ಟು ಸಾವಕಾಶವಾಗಿ ಬಿಡುತ್ತವೆ; ಬೇಸಿಗೆಯಲ್ಲಿಯೂ ಹಳ್ಳಗಳು ಹರಿಯುವದಕ್ಕೆ ಇದೇ ಕಾರಣ. ಅಲ್ಲಿಯ ಕಾಲುದಾರಿಯು ಮಳೆಗಾಲದಲ್ಲಿ ದಾರಿಯಾಗಿ ಉಳಿಯುವದಿಲ್ಲ, ಕಾಲುವೆಯಾಗುತ್ತದೆ. ಕೆಂಪು ಮಣ್ಣು ಬೆಣ್ಣೆಯಂತೆ ಜಾರುವದು. ನಾವು ರಾಡಿಯನ್ನು ತಪ್ಪಿಸಲೆಂದು ಪಕ್ಕದ ಹುಲ್ಲಿನ ಮೇಲೆ ಕಾಲಿಡಹೋದಾಗ ಮಾರ್ಗದರ್ಶಕನು ತಡೆದನು. ಒಬ್ಬರು ಹುಲ್ಲನ್ನು ತುಳಿದರೆ ಹಿಂದಿನವರೂ ಅಲ್ಲಿಯೇ ತುಳಿಯುವರು. ಬೇರು ಸತ್ತ ಮೇಲೆ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗುವದು. ಒಂದು ದಾರಿಯಿದ್ದಲ್ಲಿ ಎರಡು ಕೊರಕಲುಗಳಾಗುವವು. ಆದುದರಿಂದ ರಾಡಿಯಲ್ಲಿಯೇ, ಒಬ್ಬರ ಹಿಂದೆ ಒಬ್ಬರು ನಡೆಯುವದು ಅಲ್ಲಿಯ ಧರ್ಮ. ದಿನದ ಮಿತಿ ಏಕೆ ಬೇಕೆಂಬದೂ ಆಗಲೇ ನಮಗೆ ಮನದಟ್ಟಾಯಿತು.

ಉಂಬಳಗಳ ವಿಷಯವನ್ನು ಹೇಳದಿದ್ದರೆ ಈ ವರ್ಣನೆಯು ಅಪೂರ್ಣ. ಅವು ಕಚ್ಚಿದ್ದು ತಿಳಿಯುವದಿಲ್ಲ. ಬೂಟು ಕಳಚಿದಾಗ ರಕ್ತವು ಕಾಣುವದು. ಅವುಗಳ ಜೊಲ್ಲಿನಲ್ಲಿ ರಕ್ತವು ಹೆಪ್ಪುಗಟ್ಟದಂತೆ ಮಾಡುವ ಒಂದು ದ್ರವ್ಯವಿರುವದರಿಂದ ಉಂಬಳವು ಬಿದ್ದ ಮೇಲೂ ಕೆಲವು ಹೊತ್ತು ರಕ್ತ ಒಸರುತ್ತಿರುವದು. ಅದಕ್ಕೆ ಹೆದರಬೇಕಾಗಿಲ್ಲ. ಉಗುರನ್ನು ಅದರ ಬಾಯಿಯ ಕೆಳಗೆ ಸರಿಸಿ ಬಿಡಿಸಿ, ಗಾಯವನ್ನು ತೊಳೆದು, ಅರಿವೆಯಿಂದ ಒತ್ತಿ ಹಿಡಿದರೆ ಸಾಕು. ಎಳೆದು ಕೀಳಬಾರದು. ನೆರೆಮನೆಯ ಹುಡುಗಿಯು ಮೊದಲನೆಯ ಉಂಬಳಕ್ಕೆ ಚೀರಿದಳು. ಹತ್ತನೆಯದಕ್ಕೆ ಎಣಿಸುವದನ್ನು ಬಿಟ್ಟಳು.

ಮಧ್ಯಾಹ್ನ ಮುಕ್ಕಾಲು ಒಂದಕ್ಕೆ ಒಂದು ದಿಣ್ಣೆಯ ಮೇಲೆ ಬುತ್ತಿಯನ್ನು ಬಿಚ್ಚಿದೆವು. ಶಿಖರವು ಎರಡು ಕಿಲೋಮೀಟರಿನೊಳಗೆ ಉಳಿದಿತ್ತು. ಅಷ್ಟರಲ್ಲಿ ಮೋಡವು ಇಳಿದು ಎದುರಿನ ಗುಡ್ಡವನ್ನೇ ನುಂಗಿತು. ಮಾರ್ಗದರ್ಶಕನು ಗಾಳಿಗೆ ಮುಖವೊಡ್ಡಿ ಕೆಲ ಹೊತ್ತು ಸುಮ್ಮನೆ ನಿಂತನು, ಆಮೇಲೆ ಕಾಕಾನ ಹತ್ತಿರ ಬಂದು, “ಸಾರ್, ಮೇಲೆ ಮಳೆ ಕೂತಿದೆ. ಇಲ್ಲಿ ಹನಿಯದಿದ್ದರೂ ಕೆಳಗೆ ಹಳ್ಳ ಏರುತ್ತದೆ. ಈಗ ಇಳಿದರೆ ದಾಟಬಹುದು. ಇನ್ನೂ ತಡವಾದರೆ ನಾನು ಏನೂ ಹೇಳಲಾರೆ” ಎಂದನು.

ತರುಣನ ಮೋರೆಯು ಕೆಂಪಾಯಿತು. “ಕಾಕಾ, ಇನ್ನ ಒಂದ ತಾಸಿನ ದಾರಿ ಅದ. ಇಷ್ಟ ದೂರ ಬಂದು ಹಿಂದಕ್ಕ ಹೋಗೋದೇನ್ರಿ?” ಎಂದನು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಜನರ ಮನಸ್ಸು ಅವನ ಕಡೆಗೇ ಇತ್ತು. ಕಾಕಾ ರೊಟ್ಟಿಯ ಚೂರನ್ನು ಕೆಳಗಿಟ್ಟರು. “ತುದಿ ಮುಟ್ಟೂದು ನಮ್ಮ ಕೈಯಾಗ ಅದ, ತಮ್ಮಾ. ಹಳ್ಳ ಇಳಿಸೂದು ನಮ್ಮ ಕೈಯಾಗಿಲ್ಲ. ಮುಂಜಾನೆ ಎರಡು ತಾಸು ನಾವ ಕಳದೀವಿ, ಅದನ್ನ ಈ ಹುಡಿಗಿ ಜೀವದ ಮ್ಯಾಲೆ ವಸೂಲ ಮಾಡೋದು ಬ್ಯಾಡ” ಎಂದರು. ಯಾರೂ ಮಾತಾಡಲಿಲ್ಲ. ಬುತ್ತಿಯನ್ನು ಕಟ್ಟಿದೆವು.

ಇಳಿಯುವ ದಾರಿಯು ಏರುವದಕ್ಕಿಂತ ಕಠಿಣ. ಅರ್ಧ ತಾಸಿನೊಳಗೆ ಮಳೆಯು ನಮ್ಮನ್ನು ಕೂಡಿಕೊಂಡಿತು. ಮೂರೂವರೆಗೆ ದೊಡ್ಡ ಹಳ್ಳಕ್ಕೆ ಬಂದಾಗ ಬೆಳಗಿನ ತಿಳಿನೀರಿನ ಗುರುತೇ ಇರಲಿಲ್ಲ. ಕೆಂಪಗೆ, ಮೊಣಕಾಲಿನ ಮೇಲಕ್ಕೆ, ಕಲ್ಲುಗಳನ್ನು ಮುಚ್ಚಿ ಭೋರ್ಗರೆಯುತ್ತಿತ್ತು. ಮಾರ್ಗದರ್ಶಕನು ಕೋಲಿನಿಂದ ತಳವನ್ನು ಪರೀಕ್ಷಿಸಿ, ಹಳ್ಳವು ಅಗಲವಾಗಿ ಹರಿಯುವ ಸ್ಥಳವನ್ನು ಆರಿಸಿದನು. ಇಕ್ಕಟ್ಟಾದಲ್ಲಿ ನೀರಿನ ಸೆಳವು ಹೆಚ್ಚು. ಬೂಟು ಕಳಚಬಾರದು, ಚೀಲದ ಪಟ್ಟಿಗಳನ್ನು ಸಡಿಲಿಸಬೇಕು, ಮುಖವು ನೀರು ಬರುವ ದಿಕ್ಕಿಗಿರಬೇಕು, ಒಂದು ಕಾಲು ಗಟ್ಟಿಯಾಗಿ ನಿಂತ ಹೊರತು ಇನ್ನೊಂದನ್ನು ಎತ್ತಬಾರದು ಎಂದು ಹೇಳಿ, ಎಲ್ಲರ ಮಣಿಕಟ್ಟುಗಳನ್ನು ಒಬ್ಬರಿಗೊಬ್ಬರಿಗೆ ಹಿಡಿಸಿದನು.

ನಡುಹಳ್ಳದಲ್ಲಿ ನೆರೆಮನೆಯ ಹುಡುಗಿಯ ಕಾಲು ಜಾರಿತು. ಕೈಯ ಕೋಲು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೇಲಿಹೋಯಿತು. ಅವಳು ಎದೆಯವರೆಗೆ ನೀರಿನಲ್ಲಿ ಕುಸಿದಳು. ಅವಳ ಒಂದು ಮಣಿಕಟ್ಟು ಕಾಕಾನ ಕೈಯಲ್ಲಿತ್ತು, ಇನ್ನೊಂದು ಆ ತರುಣನ ಕೈಯಲ್ಲಿತ್ತು. ಇಬ್ಬರೂ ಬಿಡಲಿಲ್ಲ. ದಂಡೆಯನ್ನು ಮುಟ್ಟಿದ ಮೇಲೂ ತರುಣನ ಬೆರಳುಗಳನ್ನು ನಾವೇ ಬಿಡಿಸಬೇಕಾಯಿತು. ಸ್ವಲ್ಪ ಹೊತ್ತಿನಲ್ಲಿಯೇ ನಾವು ನಿಂತು ಹೊರಟಿದ್ದ ಆಚೆಯ ಬಂಡೆಯು ನೀರಿನಲ್ಲಿ ಮುಳುಗಿತು. ನಮ್ಮ ಹಿಂದೆ ಬಂದ ಬೇರೊಂದು ಗುಂಪಿನವರು ಅಲ್ಲಿಯೇ ನಿಲ್ಲಬೇಕಾಯಿತು. ಮಳೆ ನಿಂತು ನೀರಿಳಿದು ಅವರು ಈಚೆಗೆ ಬಂದಾಗ ಕತ್ತಲಾಗಿತ್ತಂತೆ. ನಾವು ಶಿಖರಕ್ಕೆ ಹೋಗಿದ್ದರೆ ಅವರಿಗಿಂತಲೂ ಹಿಂದಿರುತ್ತಿದ್ದೆವು.

ಇನ್ನು ಗೃಹಸ್ಥರಿಗೆ ನಾಲ್ಕು ಮಾತು. ಮೊದಲನೆಯದಾಗಿ, ಮಳೆಗಾಲವನ್ನು ಬಿಟ್ಟು ಕಾರ್ತಿಕದಿಂದ ಪುಷ್ಯದ ಒಳಗೆ ಹೋಗುವದು ಕುಟುಂಬಗಳಿಗೆ ಉತ್ತಮ. ಮುಂದೆ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿಯನ್ನು ಮುಚ್ಚುವದುಂಟು. ಎರಡನೆಯದಾಗಿ, ಹೊರಡುವ ಹೊತ್ತಿನಂತೆ ತಿರುಗುವ ಹೊತ್ತನ್ನೂ ಮೊದಲೇ ನಿಶ್ಚಯಿಸಿಕೊಂಡು, ತುದಿಯು ಎಷ್ಟೇ ಸಮೀಪವಿದ್ದರೂ ಅದನ್ನು ಮೀರಬಾರದು. ಮೂರನೆಯದಾಗಿ, ಹಲ್ಲುಗಳುಳ್ಳ ತಳದ ಬೂಟು, ಬೇಗ ಒಣಗುವ ಅರಿವೆ, ಒಂದು ಕೋಲು, ಒಣ ಬಟ್ಟೆಯ ಒಂದು ಜೊತೆ ಪ್ರತಿಯೊಬ್ಬರಿಗೂ ಬೇಕು. ನಾಲ್ಕನೆಯದು ಅಡಿಗೆಮನೆಯವರಿಗೆ: ನಮ್ಮ ಖಡಕ ರೊಟ್ಟಿಯು ಅಲ್ಲಿಯ ಥಂಡಿಗೆ ಮಧ್ಯಾಹ್ನದೊಳಗೆ ಮೆತ್ತಗಾಯಿತು, ಶೇಂಗಾ ಹೋಳಿಗೆ ಮಾತ್ರ ಕೊನೆಯವರೆಗೆ ಕೆಡದೆ ಉಳಿದು ಎಲ್ಲರಿಗೂ ಬಲ ಕೊಟ್ಟಿತು.

ಮಾರ್ಗಶಿರದಲ್ಲಿ ಇನ್ನೊಮ್ಮೆ ಹೋಗುವದೆಂದು ನಿಶ್ಚಯಿಸಿದ್ದೇವೆ. ಹುಡುಗಿಯ ತಾಯಿಯು ಮೊದಲು ಒಪ್ಪಲಿಲ್ಲ. ಕಾಕಾನೂ ತರುಣನೂ ಬರುವರೆಂದ ಮೇಲೆ ಒಪ್ಪಿದರು. ಅಭ್ಯಾಸಕ್ಕೆಂದು ಈಗ ಪ್ರತಿ ರವಿವಾರ ಕೆಲಗೇರಿಯ ಕಡೆಗೆ ದೂರದ ನಡಿಗೆಯನ್ನಿಟ್ಟುಕೊಂಡಿದ್ದೇವೆ. ಬೆಳಗಿನ ಐದು ಗಂಟೆಗೆ, ಒಂದು ನಿಮಿಷವೂ ತಪ್ಪದಂತೆ ಕಾಕಾನ ಬಾಗಿಲನ್ನು ತಟ್ಟುವವನು ಆ ತರುಣನೇ.